ಎಚ್‌ಐವಿ ಕಿಟ್ ಮೇಲೆ 99.5 ಅಂತಿದ್ರೆ ನಂಬಬಹುದಾ? ಟೆಸ್ಟನ್ನೇ ಟೆಸ್ಟ್ ಮಾಡೋದು ಹೀಗೆ

ಎಚ್‌ಐವಿಗೆ ಮಾಡೋ ಆಂಟಿಬಾಡಿ ಟೆಸ್ಟು ವೈರಸ್ಸನ್ನ ಹುಡುಕಲ್ಲ, ವೈರಸ್ ಬಂತು ಅಂತ ದೇಹ ತಯಾರಿಸಿದ ಆಂಟಿಬಾಡಿ ರಕ್ತದಲ್ಲಿ ಇದ್ಯಾ ಅಂತ ನೋಡುತ್ತೆ. ಕಳ್ಳನ ಹೆಜ್ಜೆಗುರುತು ಹುಡುಕಿದಂಗೆ. ಹೆಜ್ಜೆ ಇನ್ನೂ ಮೂಡಿಲ್ದೆ ಇರಬಹುದು, ಇಲ್ಲ ಅದು ಬೇರೆ ಯಾರದ್ದೋ ಹೆಜ್ಜೆ ಇರಬಹುದು.

ಮೊದಲು ನೋಡಬೇಕಾದ್ದು ಕಿಟ್‌ನ ಯಾರ ರಕ್ತದ ಮೇಲೆ ಪರೀಕ್ಷೆ ಮಾಡಿದ್ರು ಅಂತ. ಒಂದು ಕಡೆ ಕಾಯಿಲೆ ಜೋರಾಗಿರೋರು, ಇನ್ನೊಂದು ಕಡೆ ಗಟ್ಟಿಮುಟ್ಟಾದ ಹುಡುಗರು, ಇಷ್ಟೇ ಇಟ್ಕೊಂಡ್ರೆ ಯಾವ ಕಿಟ್ ಬೇಕಾದ್ರೂ ಪಾಸಾಗುತ್ತೆ! ಗರ್ಭಿಣಿಯರು, ಆಟೋಇಮ್ಯೂನ್ ಕಾಯಿಲೆಯವರು (ತಮ್ಮ ರೋಗನಿರೋಧಕ ಶಕ್ತಿನೇ ತಮ್ಮ ದೇಹದ ಮೇಲೆ ದಾಳಿ ಮಾಡೋ ಕಾಯಿಲೆ), ಈಚೆಗೆ ಲಸಿಕೆ ಹಾಕಿಸ್ಕೊಂಡವರು, ಎಚ್‌ಐವಿ-2 (ಎಚ್‌ಐವಿಯ ಇನ್ನೊಂದು ಬಗೆ) ಇರೋರು ಎಲ್ಲರ ಸ್ಯಾಂಪಲ್ಲೂ ಇರ್ಬೇಕು.

ಆಮೇಲೆ ಎಷ್ಟು ಸ್ಯಾಂಪಲ್ ಅಂತ ಕೇಳಿ. ಸೋಂಕಿಲ್ಲದ 100 ಸ್ಯಾಂಪಲ್‌ನಲ್ಲಿ ಒಂದೂ ತಪ್ಪು ಪಾಸಿಟಿವ್ ಬರ್ಲಿಲ್ಲ ಅಂದ್ರೆ ಶೇ 100 ಸರಿ ಅಂತಲ್ಲ, ನಿಜವಾದ ತಪ್ಪು ಸುಮಾರು ಶೇ 3ರವರೆಗೂ ಇರಬಹುದು. 3ನ್ನ ಸ್ಯಾಂಪಲ್ ಸಂಖ್ಯೆಯಿಂದ ಭಾಗಿಸಿದ್ರೆ ಆ ಮಿತಿ ಸಿಗುತ್ತೆ, 1000 ಸ್ಯಾಂಪಲ್ ಆದ್ರೆ ಶೇ 0.3.

ಈಗ ಲೆಕ್ಕ, ಇಲ್ಲೇ ಎಷ್ಟೋ ಜನ ಎಡವೋದು. ಸ್ಪೆಸಿಫಿಸಿಟಿ ಶೇ 99.5, ಅಂದ್ರೆ ಸೋಂಕಿಲ್ಲದ 1000 ಜನರಲ್ಲಿ 5 ಜನಕ್ಕೆ ಸುಮ್ನೆ ಪಾಸಿಟಿವ್ ಅನ್ನುತ್ತೆ. 10,000 ಜನರಲ್ಲಿ ಸೋಂಕಿರೋರು ಬರೀ 10 ಅಂತ ಇಟ್ಕೊಳ್ಳಿ, ಆ ಹತ್ತೂ ಜನ ಸಿಕ್ಕಿಬಿದ್ರು, ಆದ್ರೆ ಉಳಿದ 9,990ರಲ್ಲಿ ಸುಮಾರು 50 ಜನಕ್ಕೂ ಪಾಸಿಟಿವ್ ಬಂತು, ಅಲ್ಲಿಗೆ 60 ಪಾಸಿಟಿವ್‌ನಲ್ಲಿ ನಿಜವಾದ್ದು ಆರಕ್ಕೊಂದು! ಅದೇ ಕಿಟ್‌ನ ಶೇ 10 ಸೋಂಕಿರೋ 10,000 ಜನರ ಗುಂಪಲ್ಲಿ ಬಳಸಿದ್ರೆ 1,000 ನಿಜ, 45 ಸುಳ್ಳು. ಕಿಟ್ ಬದಲಾಗಿಲ್ಲ, ಜನ ಬದಲಾದ್ರು ಅಷ್ಟೇ.

ಅದಕ್ಕೇ ಒಂದೇ ಪಾಸಿಟಿವ್ ನೋಡಿ ಯಾರಿಗೂ ಸೋಂಕಿದೆ ಅಂತ ಹೇಳಬಾರ್ದು. ಎರಡನೇ, ಮೂರನೇ ಟೆಸ್ಟ್ ಬೇಕು, ಅವು ಬೇರೆ ಥರದ ಕಿಟ್ ಆಗಿರ್ಬೇಕು, ಒಂದೇ ಆಂಟಿಜೆನ್ (ಆಂಟಿಬಾಡಿ ಹಿಡಿಯೋಕೆ ಕಿಟ್‌ನಲ್ಲಿ ಇಡೋ ವೈರಸ್ಸಿನ ಭಾಗ) ಇರೋ ಎರಡು ಕಿಟ್ ಬಳಸಿದ್ರೆ ಎರಡೂ ಸೇರ್ಕೊಂಡು ಅದೇ ತಪ್ಪು ಮಾಡ್ತವೆ. ಮೊದಲೆಲ್ಲ ಖಚಿತ ಮಾಡೋಕೆ ವೆಸ್ಟರ್ನ್ ಬ್ಲಾಟ್ ಇತ್ತು, ವೈರಸ್ಸಿನ ಯಾವ ಯಾವ ಪ್ರೋಟೀನ್‌ಗೆ ಆಂಟಿಬಾಡಿ ಇದೆ ಅಂತ ಬೇರೆ ಬೇರೆ ಗೆರೆಯಾಗಿ ತೋರಿಸೋ ಟೆಸ್ಟ್ ಅದು. ಅಮೆರಿಕದಲ್ಲಿ 1985ರಲ್ಲಿ ಎಲಿಸಾಗೆ (ಮೊದಲ ಹಂತದಲ್ಲಿ ಮಾಡೋ ಲ್ಯಾಬ್ ಆಂಟಿಬಾಡಿ ಟೆಸ್ಟ್), 1987ರಲ್ಲಿ ವೆಸ್ಟರ್ನ್ ಬ್ಲಾಟ್‌ಗೆ ಒಪ್ಪಿಗೆ ಸಿಕ್ತು. ಅದರಲ್ಲಿ ಪಿ24 ಅನ್ನೋ ವೈರಸ್ ಪ್ರೋಟೀನ್‌ನ ಗೆರೆ ಒಂದೇ ಮೂಡಿದ್ರೆ ಆ ಕಡೆನೂ ಅಲ್ಲ ಈ ಕಡೆನೂ ಅಲ್ಲ, ಸೋಂಕಿಲ್ಲದವರಲ್ಲೂ ಅದು ಕಾಣಿಸ್ಕೊಳ್ಳುತ್ತೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವೆಸ್ಟರ್ನ್ ಬ್ಲಾಟ್ ಬಿಟ್ಟು ಸತತ ಮೂರು ಟೆಸ್ಟ್ ಪಾಸಿಟಿವ್ ಬಂದ್ರೆ ಮಾತ್ರ ಖಚಿತ ಅನ್ನೋ ಕ್ರಮಕ್ಕೆ ಬನ್ನಿ ಅಂತು. ನನಗಂತೂ ಅದೇ ಸರಿ ಅನ್ಸುತ್ತೆ.

ವಿಂಡೋ ಪೀರಿಯಡ್ ಮರೀಬೇಡಿ. ಸೋಂಕು ತಗುಲಿದ ಮೇಲೆ ಆಂಟಿಬಾಡಿ ಟೆಸ್ಟ್‌ಗೆ ಅದು ಗೊತ್ತಾಗೋಕೆ 23ರಿಂದ 90 ದಿನ ಹಿಡಿಯಬಹುದು. ಹಾಗಾಗಿ ಒಬ್ಬರದ್ದೇ ರಕ್ತ ಕೆಲವು ದಿನಕ್ಕೊಮ್ಮೆ ತೆಗೆದು ಕೂಡಿಟ್ಟ ಸ್ಯಾಂಪಲ್ ಸಾಲಿನ ಮೇಲೆ ಕಿಟ್ ಓಡಿಸಿ, ಯಾವ ದಿನದಿಂದ ಹಿಡಿಯುತ್ತೆ ಅಂತ ಬರ್ಕೊಬೇಕು. 18 ತಿಂಗಳೊಳಗಿನ ಮಗುವಿಗೆ ಈ ಟೆಸ್ಟ್‌ನಿಂದ ಸೋಂಕು ಖಚಿತ ಮಾಡೋಕಾಗಲ್ಲ, ತಾಯಿಯ ಆಂಟಿಬಾಡಿನೇ ಮಗು ರಕ್ತದಲ್ಲಿ ಇರಬಹುದು, ಅಲ್ಲಿ ವೈರಸ್ಸನ್ನೇ ನೇರ ಹುಡುಕೋ ಟೆಸ್ಟ್ ಬೇಕು.

ಫಲಿತಾಂಶ ಗೊಂದಲವಾಗಿದ್ರೆ 14 ದಿನ ಬಿಟ್ಟು ಮತ್ತೆ ಮಾಡಿಸ್ಬೇಕು. ಪಾಸಿಟಿವ್ ಅಂತ ಖಚಿತವಾದ್ರೂ ಚಿಕಿತ್ಸೆ ಶುರು ಮಾಡೋ ಮುಂಚೆ ಹೊಸದಾಗಿ ರಕ್ತ ತೆಗೆದು, ಸಾಧ್ಯವಾದ್ರೆ ಬೇರೆ ಸಿಬ್ಬಂದಿ ಕೈಲಿ, ಇನ್ನೊಂದ್ಸಲ ನೋಡಿಸಿ. ಟ್ಯೂಬ್ ಅದಲುಬದಲಾಗಿದ್ರೆ, ಲೇಬಲ್ ತಪ್ಪಾಗಿದ್ರೆ ಅದು ಸಿಕ್ಕಿಬೀಳೋದು ಅಲ್ಲೇ.