ಎಲ್ಗಾನ್ ಬೆಟ್ಟದಲ್ಲಿ ಮಣ್ಣು ಹಿಡಿದಿಟ್ಟ ಬಗೆ

ಉಗಾಂಡಾ–ಕೀನ್ಯಾ ಗಡಿಯ ಎಲ್ಗಾನ್, ಎಂದೋ ಆರಿಹೋದ ಜ್ವಾಲಾಮುಖಿ. ಎತ್ತರ 4,321 ಮೀಟರ್. ಉಗಾಂಡಾ ಕಡೆಯ ಇಳಿಜಾರಿನಲ್ಲಿ ಗಿಸು ಸಮುದಾಯದ ರೈತರು ಅರೇಬಿಕಾ ಕಾಫಿ, ಬಾಳೆ ಬೆಳೆಯುತ್ತಾರೆ. ಅವರ ಜೊತೆ ನಾನು ಮಣ್ಣು ಉಳಿಸುವ ಕೆಲಸ ಮಾಡಿದೆ. ಮಣ್ಣೇನೋ ಆಳವಾಗಿದೆ, ಫಲವತ್ತಾಗಿದೆ. ಆದರೆ ಮೇಲೆ ಹೊದಿಕೆ ಇಲ್ಲದಿದ್ದರೆ ಜೋರು ಮಳೆಗೆ ಕೊಚ್ಚಿಹೋಗುತ್ತದೆ.

ಮೊದಲು ಸಮಮಟ್ಟದ ಗೆರೆ, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಎತ್ತರದಲ್ಲಿ ಸಾಗುವ ಗೆರೆ ಹಾಕಬೇಕು. ಅದಕ್ಕೆ ಎ-ಫ್ರೇಮ್ ಸಾಕು. ಎರಡು ಉದ್ದ ಕೋಲುಗಳ ತುದಿ ಸೇರಿಸಿ ಕಟ್ಟಿ, ನಡುವೆ ಅಡ್ಡಕೋಲು ಬಿಗಿದು, ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡುವುದು. ದಾರ ಅಡ್ಡಕೋಲನ್ನು ಮುಟ್ಟಿದಲ್ಲಿ ಗುರುತು ಹಾಕಿ, ಅದೇ ಜಾಗದಲ್ಲಿ ಕಾಲುಗಳನ್ನು ಅದಲುಬದಲು ಮಾಡಿ ಇನ್ನೊಂದು ಗುರುತು ಹಾಕಿ. ಎರಡರ ನಟ್ಟನಡುವೆ ದಾರ ನಿಂತರೆ ನೆಲ ಮಟ್ಟ ಅಂತ ಅರ್ಥ. ಓದು ಬರಹ ಬಾರದವರೂ ಬೇಗ ಕಲಿತು, ತಾವೇ ಗೂಟ ನೆಡುತ್ತಾ ಹೋದರು.

ಆ ಗೆರೆಯುದ್ದಕ್ಕೂ ಕಾಲುವೆ ತೋಡಿ, ಮಣ್ಣನ್ನು ಮೇಲ್ಬದಿಗೆ ಎಸೆದು ಬದು ಕಟ್ಟಿದೆವು. ಅಲ್ಲಿ ಇದಕ್ಕೆ ಫನ್ಯಾ ಜೂ ಅನ್ನುತ್ತಾರೆ. ಬದುವಿನ ಹಿಂದೆ ಮಣ್ಣು ಸೇರುತ್ತಾ ವರ್ಷಗಳಲ್ಲಿ ಮೆಟ್ಟಿಲಾಗುತ್ತದೆ. ಬದುವಿನ ಮೇಲೆ ನೇಪಿಯರ್ ಹುಲ್ಲು ನೆಟ್ಟೆವು. ಹುಲ್ಲು ದನಕ್ಕೆ ಮೇವಾಗುತ್ತದೆ, ಹಾಗಾಗಿ ಬದು ಕಾಯಿರಿ ಅಂತ ಯಾರಿಗೂ ಹೇಳಬೇಕಾಗಲಿಲ್ಲ. ಕಾಫಿ ಬುಡಕ್ಕೆ ಬಾಳೆ ಎಲೆ ಹೊದಿಸಿದೆವು.

ಇಂಥ ಕಾಲುವೆಯಲ್ಲಿ ನಿಂತ ನೀರು ನೆಲಕ್ಕೆ ಇಂಗುತ್ತದೆ. ಆದರೆ ಎಲ್ಲ ಕಡೆಯೂ ನೀರು ಇಂಗಿಸಬಾರದು ಅನ್ನುವುದೇ ಇಲ್ಲಿ ತುಂಬ ಮುಖ್ಯ. 2010ರ ಮಾರ್ಚ್ 1ರಂದು ಇದೇ ಬೆಟ್ಟದ ಇಳಿಜಾರಿನಲ್ಲಿರುವ ಬುಡುಡಾ ಜಿಲ್ಲೆಯ ನಮೆಟ್ಸಿಯಲ್ಲಿ ಗುಡ್ಡ ಜಾರಿ ನೂರಕ್ಕೂ ಹೆಚ್ಚು ಜನ ಸತ್ತರು. ಕಡಿದಾದ ಜಾಗದಲ್ಲಿ ಆಳದ ಜೇಡಿಮಣ್ಣು ನೀರು ಕುಡಿದು ಭಾರವಾದರೆ ಇಡೀ ಮಗ್ಗುಲೇ ಕಳಚುತ್ತದೆ. ಅಂಥಲ್ಲಿ ನೀರು ಇಂಗಿಸುವ ಕಾಲುವೆ ಅಪಾಯ. ನೀರು ಸೇರುವ ತಗ್ಗು, ನೆಲದ ಬಿರುಕು, ಹೊಸದಾಗಿ ಜಿನುಗುವ ಒರತೆ ಎಲ್ಲೆಲ್ಲಿವೆ ಅಂತ ಹಿರಿಯರಿಗೆ ಗೊತ್ತಿತ್ತು. ಅವರನ್ನು ಕರೆದುಕೊಂಡು ಇಳಿಜಾರು ಸುತ್ತಿದ ಮೇಲೆಯೇ ಗೆರೆ ಹಾಕಿದೆವು. ಆ ತಗ್ಗುಗಳಲ್ಲಿ ತೋಡದೆ, ಆಳ ಬೇರಿನ ಮರ ನೆಟ್ಟು, ನೀರನ್ನು ನಿಧಾನವಾಗಿ ಹೊರಗೆ ಹರಿಯಬಿಟ್ಟೆವು.

ಇನ್ನೊಂದು ಮಾತು. ಕೆಲಸ ಮೇಲಿನ ಹೊಲದಿಂದಲೇ ಶುರುವಾಗಬೇಕು. ಕೆಳಗಿನವನೊಬ್ಬನೇ ಕಾಲುವೆ ತೋಡಿದರೆ ಮೇಲಿನ ನೀರು ಬಂದು ಒಡೆದುಹಾಕುತ್ತದೆ ಅಲ್ವಾ? ಉಕ್ಕಿದ ನೀರು ಯಾರ ಹೊಲದ ಅಂಚಿನಲ್ಲಿ ಹೋಗಬೇಕು ಅನ್ನುವ ಚರ್ಚೆಗೇ ತೋಡುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಅದು ಬೇಕಿದ್ದ ಚರ್ಚೆಯೇ. ಮಳೆಗಾಲ ಮುಗಿದ ಮೇಲೆ ಹೂಳು ತೆಗೆಯುವ ಸರದಿಯನ್ನೂ ಅವರು ಅಲ್ಲೇ ಕೂತು ಹಂಚಿಕೊಂಡರು.