ಹಳೆಯ ಬೋಲ್ಟ್ ಆ್ಯಕ್ಷನ್ ರೈಫಲ್ ಒಂದನ್ನು ನಾನು ಅಳೆದು ನೋಡಿದ ಬಗೆ

ರೈಫಲ್ ಮಾರುವವರು ಮೊದಲು ಮುಂದಿಡುವುದು ಒಂದು ಹಳೆಯ ಗುರಿಹಾಳೆಯನ್ನು. ಐದು ಗುಂಡುಗಳು ಒಂದರ ಮೇಲೊಂದು ಬಿದ್ದು ಒಂದೇ ತೂತಾಗಿರುತ್ತದೆ. ‘ಇದರ ಗ್ರೂಪಿಂಗ್ ನೋಡಿ’ ಎನ್ನುತ್ತಾರೆ. ಗುಂಡುಗಳು ಹಾಳೆಯ ಮೇಲೆ ಎಷ್ಟು ಅಗಲಕ್ಕೆ ಹರಡಿವೆ ಎಂಬ ಅಳತೆಯೇ ಗ್ರೂಪಿಂಗ್. ಹಾಳೆ ನಿಜವಾದದ್ದೇ ಇರುತ್ತದೆ. ಆದರೆ ಅದೇ ದಿನ ಅದರ ಹಿಂದೆ ಮುಂದೆ ಹೊಡೆದ ಉಳಿದ ಹಾಳೆಗಳು ಎಲ್ಲಿ ಹೋದವು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಪುಣೆ ಬಳಿಯ ಚಿಂಚವಾಡದ ಕಾರ್ಖಾನೆಯೊಂದರ ಅಳತೆ ವಿಭಾಗದಲ್ಲಿ ನನ್ನ ಕೆಲಸ. ಯಂತ್ರವೊಂದು ಮಾಡಿದ ಅತ್ಯುತ್ತಮ ಬಿಡಿಭಾಗವನ್ನಷ್ಟೇ ನೋಡಿ ಅಲ್ಲಿ ಯಾರೂ ಆ ಯಂತ್ರವನ್ನು ಒಪ್ಪುವುದಿಲ್ಲ. ಸಾಲಾಗಿ ಹೊರಬಂದ ಎಲ್ಲವನ್ನೂ ಅಳೆಯುತ್ತೇವೆ. ರೈಫಲಿಗೂ ಅದೇ ನ್ಯಾಯ ಸಲ್ಲಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನಾನು ಗುರಿ ಹೊಡೆಯುವ ಅಭ್ಯಾಸ ಮಾಡುವುದು ಪುಣೆಯ ಬಾಲೇವಾಡಿಯಲ್ಲಿ, 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ ಶ್ರೀ ಶಿವಛತ್ರಪತಿ ಕ್ರೀಡಾ ಸಂಕೀರ್ಣದ ರೇಂಜಿನಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಮಂಡಿಯೂರಿ, ಮಲಗಿ, ನಿಂತು ಹೊಡೆಯುವ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದ ಮೇಲೆ, ಆ ಸ್ಪರ್ಧೆಗೆ ಬಳಸುವ ಪಾಯಿಂಟ್ 22 (ಇಂಚಿನ ಲೆಕ್ಕದಲ್ಲಿ ನಳಿಗೆಯ ಅಳತೆ) ರೈಫಲಿನ ಬಗ್ಗೆ ವಿಚಾರಿಸುವವರು ನನ್ನ ಸುತ್ತ ಹೆಚ್ಚಿದ್ದಾರೆ. ಸ್ಪರ್ಧೆಗೆಂದೇ ಮಾಡಿದ ಹೊಸ ಮ್ಯಾಚ್ ರೈಫಲಿನ ಬೆಲೆ ಕೇಳಿದ ಮೇಲೆ ಬಹುಪಾಲು ಜನ ಬಳಸಿದ್ದರ ಕಡೆಗೆ ತಿರುಗುತ್ತಾರೆ. ನಾನೂ ಹಾಗೆಯೇ ತಿರುಗಿದವನು.

ಮಾರಲು ಹೊರಟಿದ್ದವರು ನಮ್ಮ ರೇಂಜಿನ ಹಿರಿಯರು, ಧಾರವಾಡದ ಕಡೆಯವರು, ಪುಣೆಯಲ್ಲೇ ನೆಲೆಸಿದವರು. ಮರಾಠಿಗರೂ ಕನ್ನಡಿಗರೂ ಅವರನ್ನು ಕಾಕಾ ಎಂದೇ ಕರೆಯುತ್ತಾರೆ. ಭುಜದ ನೋವು ಹೆಚ್ಚಾಗಿ ಅವರು ಮಲಗಿ ಹೊಡೆಯುವುದನ್ನು ಬಿಟ್ಟಿದ್ದರು. ಜರ್ಮನಿಯ ಉಲ್ಮ್ ನಗರದ ಆನ್‌ಶುಟ್ಸ್ ಕಂಪನಿಯ ಮ್ಯಾಚ್ 54 ಬಗೆಯ, ಒಂದೊಂದೇ ತೋಟಾ ಹಾಕಿ ಹೊಡೆಯುವ ಬೋಲ್ಟ್ ಆ್ಯಕ್ಷನ್ ರೈಫಲ್ ಅದು. ಬೋಲ್ಟ್ ಎಂದರೆ ಪ್ರತಿ ಗುಂಡಿಗೂ ಕೈಯಿಂದ ತೆರೆದು ಮುಚ್ಚುವ ಉಕ್ಕಿನ ಅಗುಳಿ. ‘ತಮ್ಮಾ, ಕೊಳ್ಳುವ ಮೊದಲು ಎಷ್ಟು ಬೇಕೋ ಅಷ್ಟು ನೋಡು. ನಾನು ಪಕ್ಕದಲ್ಲೇ ಕುಳಿತಿರುತ್ತೇನೆ’ ಎಂದರು. ಬೇರೆಯವರ ಪರವಾನಗಿಯಲ್ಲಿರುವ ಆಯುಧವನ್ನು ಮನೆಗೆ ಕೊಂಡೊಯ್ದು ಪರೀಕ್ಷಿಸುವ ಮಾತೇ ಇಲ್ಲ. ಎಲ್ಲ ನಡೆದದ್ದು ರೇಂಜಿನಲ್ಲಿ, ಮಾಲೀಕರ ಕಣ್ಣೆದುರಿನಲ್ಲಿ.

ಅಳೆಯಲು ಕೂರುವ ಮೊದಲು ರೈಫಲ್ ಯಾವ ಕೆಲಸಕ್ಕೆ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಪಾಯಿಂಟ್ 315 ಕೋವಿ ಇದೆ, ಈಗ ಅಪ್ಪನ ಪರವಾನಗಿಯಲ್ಲಿ. ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯದು, ಲೀ-ಎನ್‌ಫೀಲ್ಡ್ ವಂಶದ ಬೋಲ್ಟ್. ಸೇನೆಯ ಪಾಯಿಂಟ್ 303 ತೋಟಾ ನಾಗರಿಕರ ಕೋವಿಗೆ ಹೊಂದಬಾರದೆಂಬ ಕಾರಣಕ್ಕೇ ಈ ಬೇರೆ ಅಳತೆ ಬಳಕೆಗೆ ಬಂತು. ಅಜ್ಜ ಶಿಕಾರಿಗೆ ಹೋಗುತ್ತಿದ್ದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಶಿಕಾರಿಗೆ ಕಡಿವಾಣ ಬಿತ್ತು, 1991ರ ತಿದ್ದುಪಡಿಯ ನಂತರ ಬಾಗಿಲೇ ಮುಚ್ಚಿತು; ಈಗ ಬೆಳೆ ತಿನ್ನುವ ಹಂದಿಗೂ ಅರಣ್ಯ ಇಲಾಖೆಯ ಆದೇಶವಿಲ್ಲದೆ ಗುಂಡು ಹಾರಿಸುವಂತಿಲ್ಲ. ಹೀಗೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಆದರೂ ಆ ಕೋವಿಯನ್ನು ಕೈಯಲ್ಲಿ ಹಿಡಿದು ಬೆಳೆದದ್ದರಿಂದ ಶಿಕಾರಿಯ ರೈಫಲಿಗೂ ಗುರಿಯ ರೈಫಲಿಗೂ ಇರುವ ಅಂತರ ನನಗೆ ಮೈಯಿಂದಲೇ ತಿಳಿದಿದೆ.

ಶಿಕಾರಿಯವನಿಗೆ ಬೇಕಾದದ್ದು ತಣ್ಣಗಿರುವ ನಳಿಗೆಯಿಂದ ಹೊರಡುವ ಮೊದಲನೆಯ ಗುಂಡು. ಅದು ಅಂಗೈಯಗಲದ ಜಾಗದೊಳಗೆ ಬಿದ್ದರೆ ಸಾಕು, ಆದರೆ ಎಂದು ಹೊಡೆದರೂ ಅಲ್ಲೇ ಬೀಳಬೇಕು. ಗುಡ್ಡ ಹತ್ತಿಳಿಯುವಾಗ ಹೆಗಲಿಗೆ ಹೊರೆಯಾಗಬಾರದು, ಎರಡನೆಯ ತೋಟಾ ಅಡೆತಡೆಯಿಲ್ಲದೆ ಒಳಗೆ ಹೋಗಬೇಕು. ಗುರಿಕಾರನ ಲೆಕ್ಕ ಬೇರೆ. ಮಲಗಿ ಹೊಡೆಯುವ ಪ್ರೋನ್ ಸ್ಪರ್ಧೆಯಲ್ಲಿ 60 ಗುಂಡುಗಳು. ಮೊದಲನೆಯದಕ್ಕೂ ಕೊನೆಯದಕ್ಕೂ ಒಂದೇ ಬೆಲೆ. ರೈಫಲ್ 8 ಕಿಲೋ ತನಕ ಭಾರವಿರಬಹುದು, ಭಾರವಿದ್ದಷ್ಟೂ ಅಲುಗಾಟ ಕಡಿಮೆ. ಒಂದೇ ರೈಫಲಿನಿಂದ ಎರಡೂ ಕೆಲಸ ಆಗುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದ ರೈಫಲ್ ಹೊರಲೂ ಭಾರ, ಮಲಗಿ ಹೊಡೆಯಲೂ ಹಗುರ.

ಇನ್ನು ಕೈಯಿಂದ ನೋಡುವ ಕೆಲಸ. ಬೋಲ್ಟ್ ತೆಗೆದು, ತೋಟಾ ಕೂರುವ ಗೂಡಾದ ಚೇಂಬರ್ ಖಾಲಿಯಿದೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಂಡ ಮೇಲೆ ಚೇಂಬರಿನ ಅಂಚಿಗೆ ಸಣ್ಣ ಟಾರ್ಚ್ ಹಿಡಿದೆ. ಪಾಯಿಂಟ್ 22 ತೋಟಾದಲ್ಲಿ ಕಿಡಿಮದ್ದು ಇರುವುದು ಹಿಂಬದಿಯ ಅಂಚಿನಲ್ಲಿ. ತೋಟಾ ಸಿಡಿಸುವ ಬೋಲ್ಟಿನ ಸೂಜಿ ಬಡಿಯುವುದೂ ಅಲ್ಲಿಯೇ. ಖಾಲಿ ಚೇಂಬರಿನ ಮೇಲೆ ಮತ್ತೆ ಮತ್ತೆ ಟ್ರಿಗರ್ ಎಳೆದಿದ್ದರೆ ಕೆಲವು ರೈಫಲ್‌ಗಳಲ್ಲಿ ಸೂಜಿ ಉಕ್ಕಿಗೇ ಬಡಿದು ಅಂಚು ತಗ್ಗಾಗಿರುತ್ತದೆ. ಅಂಥ ತಗ್ಗಿನ ಉಬ್ಬಿಗೆ ಖಾಲಿ ಕವಚ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಅಂಚು ಚೊಕ್ಕವಾಗಿತ್ತು.

ನಳಿಗೆಯ ಬಾಯಿಗೆ ನಾನು ಬಳಸುವುದು ಕಿವಿಗೆ ಹಾಕುವ ಹತ್ತಿಕಡ್ಡಿ. ಒಳಗಿನಿಂದ ಹೊರಕ್ಕೆ ಸುತ್ತಲೂ ಮೆಲ್ಲನೆ ಎಳೆದರೆ, ಎಲ್ಲಾದರೂ ತರಚಿದ್ದಲ್ಲಿ ಹತ್ತಿಯ ಎಳೆ ಸಿಕ್ಕಿ ನಿಲ್ಲುತ್ತದೆ. ಗುಂಡು ನಳಿಗೆಯನ್ನು ಬಿಡುವ ಕೊನೆಯ ಗಳಿಗೆಯಲ್ಲಿ ಹಿಂದಿನ ಅನಿಲ ಎಲ್ಲ ಕಡೆಯಿಂದಲೂ ಸಮನಾಗಿ ಹೊರನುಗ್ಗಬೇಕು. ಒಂದು ಕಡೆ ಗೀರಿದ್ದರೆ ಗುಂಡಿನ ಬಾಲಕ್ಕೆ ಓರೆ ತಳ್ಳು ಬೀಳುತ್ತದೆ. ಸೀಸದ ಗುಂಡಿಗೆ ನಳಿಗೆ ಸುಲಭವಾಗಿ ಸವೆಯುವುದಿಲ್ಲ. ಅದನ್ನು ಕೆಡಿಸುವುದು ಹೆಚ್ಚಾಗಿ ಬಾಯಿಯ ಕಡೆಯಿಂದ ತೂರಿಸುವ ಶುಚಿಕಡ್ಡಿ. ಕಾಕಾ ಯಾವತ್ತೂ ಬೋಲ್ಟಿನ ಕಡೆಯಿಂದಲೇ ಕಡ್ಡಿ ಹಾಕಿದವರು, ಎಳೆ ಎಲ್ಲಿಯೂ ನಿಲ್ಲಲಿಲ್ಲ.

ನಂತರ ಹತ್ತು ರೂಪಾಯಿಯ ನೋಟೊಂದನ್ನು ನಳಿಗೆ ಮತ್ತು ಅದನ್ನು ಹೊತ್ತ ಮರದ ಮೈಯಾದ ಸ್ಟಾಕ್ ನಡುವೆ ತೂರಿಸಿ ಹಿಂದಕ್ಕೆ ಜಾರಿಸಿದೆ. ನಳಿಗೆ ಸ್ಟಾಕನ್ನು ಎಲ್ಲಿಯೂ ಮುಟ್ಟದೆ ತೂಗುತ್ತಿದ್ದರೆ ನೋಟು ಸಲೀಸಾಗಿ ಜಾರುತ್ತದೆ. ಇಲ್ಲಿ ಎಡಬದಿಯಲ್ಲಿ, ಮುಕ್ಕಾಲು ದಾರಿಯಲ್ಲಿ, ಸಿಕ್ಕಿತು. ಮಳೆಗಾಲದ ತೇವ ಕುಡಿದು ಮರ ಉಬ್ಬಿತ್ತು. ಪುಣೆಯಲ್ಲೇ ಹೀಗಾದರೆ, ಮುಂಬಯಿಯ ಕಡಲ ಪಕ್ಕದ ವರಳಿ ರೇಂಜಿನ ಗೆಳೆಯರು ಮರದ ಸ್ಟಾಕ್ ಬಿಟ್ಟು ಅಲ್ಯೂಮಿನಿಯಂ ಸ್ಟಾಕಿಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಸ್ಟಾಕಿನ ದೋಷ ಸರಿಪಡಿಸಬಹುದಾದದ್ದು, ನಳಿಗೆಯ ದೋಷ ಹಾಗಲ್ಲ. ಹಾಗಾಗಿ ಅದನ್ನು ಬರೆದುಕೊಂಡು ಮುಂದುವರಿದೆ. ಆ್ಯಕ್ಷನನ್ನು, ಎಂದರೆ ಬೋಲ್ಟ್ ಓಡಾಡುವ ಉಕ್ಕಿನ ಭಾಗವನ್ನು, ಸ್ಟಾಕಿಗೆ ಬಿಗಿಯುವ ಎರಡು ತಿರುಪುಗಳನ್ನು ಟಾರ್ಕ್ ವ್ರೆಂಚಿನಿಂದ ನೋಡಿದಾಗ ಹಿಂದಿನದು ಮುಂದಿನದಕ್ಕಿಂತ ಸಡಿಲವಿತ್ತು. ಎರಡನ್ನೂ ಸಮನಾಗಿ ಬಿಗಿದ ಮೇಲೆಯೇ ಗುಂಡು ಹಾರಿಸಿದ್ದು.

ನನ್ನ ಮಟ್ಟಿಗೆ ಪರೀಕ್ಷೆಯ ತಿರುಳು ಗುಂಡು ಹಾರಿಸುವ ಭಾಗದಲ್ಲಿದೆ.

50 ಮೀಟರ್ ಗುರಿಹಾಳೆಯ ಹತ್ತರ ವೃತ್ತದ ಅಡ್ಡಳತೆ 10.4 ಮಿಲಿಮೀಟರ್, ಗುಂಡಿನದು 5.6. ವೃತ್ತದ ಗೆರೆ ತಾಗಿದರೂ ಹತ್ತೇ ಲೆಕ್ಕ. ಎಂದರೆ ಪ್ರತಿ ಗುಂಡಿನ ನಡುಬಿಂದು 16 ಮಿಲಿಮೀಟರ್ ಅಡ್ಡಳತೆಯ ವೃತ್ತದೊಳಗೆ ಬಂದರೆ ಎಲ್ಲವೂ ಹತ್ತು. ಈಗ ಆ ಐದು ಗುಂಡಿನ ಗ್ರೂಪಿಂಗ್ ವಿಷಯಕ್ಕೆ ಬರೋಣ. ಒಂದೇ ರೈಫಲ್, ಒಂದೇ ತೋಟಾ, ಒಂದೇ ಕೈ ಇದ್ದರೂ ಗುಂಡುಗಳ ಸಂಖ್ಯೆ ಹೆಚ್ಚಿದಂತೆ ಗ್ರೂಪಿಂಗ್ ಹಿಗ್ಗುತ್ತದೆ. ಸಂಖ್ಯಾಶಾಸ್ತ್ರದ ಪ್ರಕಾರ ಐದು ಗುಂಡಿನ ಗ್ರೂಪಿಂಗ್ ಸರಾಸರಿ 12 ಮಿಲಿಮೀಟರ್ ಇರುವ ರೈಫಲ್ ಹತ್ತು ಗುಂಡಿಗೆ ಸುಮಾರು 15 ಕೊಡುತ್ತದೆ. ಮೂರೇ ಗುಂಡು ಹೊಡೆದರೆ ಸುಮಾರು 9. ರೈಫಲ್ ಬದಲಾಗಿಲ್ಲ, ನಾವು ಕೇಳಿದ ಪ್ರಶ್ನೆ ಬದಲಾಗಿದೆ. ಇದರ ಮೇಲೆ ಹತ್ತಾರು ಹಾಳೆಗಳಲ್ಲಿ ಚಂದದ್ದನ್ನು ಮಾತ್ರ ಉಳಿಸಿಕೊಂಡರೆ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ.

ಆದ್ದರಿಂದ ನಾನು ಹತ್ತು ಹತ್ತು ಗುಂಡುಗಳ ಗ್ರೂಪಿಂಗ್ ತೆಗೆದು, ಹಾಳೆಗಳನ್ನೆಲ್ಲ ಇಟ್ಟುಕೊಂಡು, ಪ್ರತಿ ಗುಂಡು ಆ ಗ್ರೂಪಿಂಗಿನ ನಡುಬಿಂದುವಿನಿಂದ ಎಷ್ಟು ದೂರ ಬಿತ್ತು ಎಂಬುದರ ಸರಾಸರಿ ತೆಗೆದೆ. ತೀರ ಅಂಚಿನ ಎರಡು ಗುಂಡುಗಳ ಅಂತರವನ್ನಷ್ಟೇ ಅಳೆದರೆ ಉಳಿದ ಎಂಟು ಗುಂಡುಗಳು ಹೇಳುವುದನ್ನು ಕೇಳದೇ ಬಿಟ್ಟಂತೆ. ಒಂದು ಗುಂಡು ಬಲಕ್ಕೆ ಸರಿದಾಗ ಕಾಕಾ, ‘ಅದು ಗಾಳಿಗೆ ಹೋಯಿತು ತಮ್ಮಾ, ಲೆಕ್ಕಕ್ಕೆ ಹಿಡಿಯಬೇಡ’ ಎಂದರು. ‘ಕಾಕಾ, ಹಾಳೆ ನೋಡುವ ಮೊದಲೇ ಹೇಳಿದ್ದರೆ ಬಿಡುತ್ತಿದ್ದೆ. ನೋಡಿದ ಮೇಲೆ ಬಿಡಲಾರೆ’ ಎಂದೆ. ಅವರಿಗೆ ಅದು ಹಿಡಿಸಿತು. ಮುಂದಿನ ಸುತ್ತಿನಿಂದ ಅವರೇ ದುರ್ಬೀನನ್ನು ಗಾಳಿಬಾವುಟದ ಕಡೆಗೆ ತಿರುಗಿಸಿಕೊಂಡು ಪ್ರತಿ ಗುಂಡಿಗೂ ಮುಂಚೆಯೇ ‘ಸರಿ’ ಅಥವಾ ‘ತಪ್ಪು’ ಎಂದು ಹೇಳತೊಡಗಿದರು.

ಗಾಳಿಯ ಪಾಲು ಚಿಕ್ಕದೇನಲ್ಲ. ಸೆಕೆಂಡಿಗೆ 320 ಮೀಟರ್ ವೇಗದಲ್ಲಿ ಹೊರಡುವ ಪಾಯಿಂಟ್ 22 ಗುಂಡನ್ನು ಸೆಕೆಂಡಿಗೆ ಒಂದು ಮೀಟರಿನ ಅಡ್ಡಗಾಳಿ 50 ಮೀಟರಿನಲ್ಲಿ ಸುಮಾರು 5 ಮಿಲಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. ಕೆನ್ನೆಗೆ ಅರಿವಾಗದಷ್ಟು ಮಂದ ಗಾಳಿ ಅದು. ಬಾಲೇವಾಡಿಯಲ್ಲಿ ಬೇಸಿಗೆಯ ಬಿಸಿಲೇರಿದ ಮೇಲೆ ಗಾಳಿಯೂ ಬಿಸಿಲ್ಗುದುರೆಯೂ ಸೇರಿ ಗುರಿಯೇ ತೇಲುತ್ತಿರುತ್ತದೆ. ಪರೀಕ್ಷೆಗೆ ಬೆಳಗಿನ ಮೊದಲ ಗಂಟೆಗಳೇ ಸರಿ.

ಅಕ್ಕಪಕ್ಕದ ಹರಡುವಿಕೆಯಲ್ಲಿ ಗಾಳಿಯ ಕೈ ಹೆಚ್ಚು. ಮೇಲೆ ಕೆಳಗಿನ ಹರಡುವಿಕೆ ಬಹುಪಾಲು ತೋಟಾದ ಕತೆ ಹೇಳುತ್ತದೆ. ಎರಡು ತೋಟಾಗಳ ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಿದ್ದರೆ 50 ಮೀಟರಿನಲ್ಲಿ ಅವು ಸುಮಾರು 8 ಮಿಲಿಮೀಟರ್ ಮೇಲೆ ಕೆಳಗಾಗುತ್ತವೆ. 100 ಮೀಟರಿನಲ್ಲಿ ಅದು ದುಪ್ಪಟ್ಟಾಗಿ ನಿಲ್ಲುವುದಿಲ್ಲ, ಮೂರು ಸೆಂಟಿಮೀಟರ್ ದಾಟುತ್ತದೆ. ಹಾರಾಟದ ಸಮಯ ಹೆಚ್ಚಿದಂತೆ ಗುಂಡು ಬೀಳುವ ಆಳ ವರ್ಗದ ಲೆಕ್ಕದಲ್ಲಿ ಬೆಳೆಯುವುದೇ ಕಾರಣ. ದೂರದ ಗುರಿಗೆ ಹೊಡೆಯುವವರು ದುರ್ಬೀನಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ತೋಟಾ ಆರಿಸುವುದಕ್ಕೆ ಇಟ್ಟರೆ ಒಳ್ಳೆಯದು.

ಆರಿಸುವುದೆಂದರೆ ಹೆಸರು ನೋಡಿ ಕೊಳ್ಳುವುದಲ್ಲ. ಎಲೀ, ಆರ್‌ಡಬ್ಲ್ಯುಎಸ್, ಲಾಪುವಾ, ಎಸ್‌ಕೆ ಎಲ್ಲವೂ ಒಳ್ಳೆಯ ತೋಟಾಗಳೇ. ಆದರೆ ಒಂದೇ ಹೆಸರಿನ ಎರಡು ಲಾಟ್‌ಗಳು, ಎಂದರೆ ಬೇರೆ ಬೇರೆ ಸಲ ತಯಾರಾದ ಕಂತುಗಳು, ಒಂದೇ ನಳಿಗೆಯಲ್ಲಿ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. ಕಾಕಾ ಬಳಿ ಇದ್ದ, ನಾನು ಗೆಳೆಯರಿಂದ ಹೊಂದಿಸಿದ, ಬೇರೆ ಬೇರೆ ಲಾಟ್‌ಗಳನ್ನು ಸರದಿಯಲ್ಲಿ ಹೊಡೆದೆ. ಒಂದು ಎಚ್ಚರ ಬೇಕು: ಪ್ರತಿ ಕಂಪನಿಯೂ ಗುಂಡಿಗೆ ಸವರುವ ಮೇಣ ಬೇರೆ. ತೋಟಾ ಬದಲಿಸಿದಾಗ ಹಳೆಯ ಮೇಣ ಹೋಗಿ ಹೊಸದು ನಳಿಗೆಯೊಳಗೆ ಕೂರುವ ತನಕ ಕೆಲವು ಗುಂಡುಗಳನ್ನು ಲೆಕ್ಕವಿಲ್ಲದೆ ಹಾರಿಸಬೇಕು. ನಳಿಗೆ ಒರೆಸಿದ ಮೇಲೂ ಹೀಗೆಯೇ. ಅವಸರದಲ್ಲಿ ಇದನ್ನು ಬಿಟ್ಟವರು ಒಳ್ಳೆಯ ತೋಟಾವನ್ನು ಕೆಟ್ಟದ್ದೆಂದು ಬರೆದುಕೊಂಡು ಹೋಗುತ್ತಾರೆ.

ಮೊದಲು ಮರಳಿನ ಚೀಲಗಳ ಮೇಲಿಟ್ಟು ಹೊಡೆದೆ, ರೈಫಲ್ ಮಾತ್ರ ಮಾತಾಡಲಿ ಎಂದು. ಆ ಸಾಲಿನಲ್ಲಿ ಅತಿ ದುಬಾರಿ ಲಾಟ್ ಉದ್ದುದ್ದಕ್ಕೆ ಚೆಲ್ಲಿತು; ಒಂದು ದರ್ಜೆ ಕೆಳಗಿನ ಲಾಟ್ ಹಾಳೆಯ ಮೇಲೆ ಹಾಳೆ ಗುಂಡಗೆ, ಹತ್ತರ ಅಂಚಿನೊಳಗೆ ಕೂಡಿತು. ಈ ಎರಡನೆಯ ಲಾಟಿನ ಯಾವ ಹಾಳೆಯ ಗ್ರೂಪಿಂಗೂ ಬೆರಗು ಹುಟ್ಟಿಸುವಷ್ಟು ಚಿಕ್ಕದಾಗಿರಲಿಲ್ಲ, ಯಾವುದೂ ಕೈಬಿಡಲಿಲ್ಲ. ನನ್ನ ಮನಸ್ಸು ಒಲಿದದ್ದು ಆ ಸಮತನಕ್ಕೆ. ಆಮೇಲೆ ಮಲಗಿ, ರೈಫಲನ್ನು ತೋಳಿಗೆ ಕಟ್ಟಿಕೊಳ್ಳುವ ಸ್ಲಿಂಗ್ ಪಟ್ಟಿ ಬಿಗಿದುಕೊಂಡು ಹೊಡೆದಾಗ ಗುಂಡುಗಳೆಲ್ಲ ಪಕ್ಕಕ್ಕೆ ಸರಿದವು. ಸ್ಲಿಂಗ್ ಎಳೆತಕ್ಕೆ ಸ್ಟಾಕ್ ಬಾಗಿ ನಳಿಗೆಯ ಎಡಬದಿಯನ್ನು ಒತ್ತುತ್ತಿತ್ತು. ಹತ್ತು ರೂಪಾಯಿಯ ನೋಟು ಸಿಕ್ಕಿಕೊಂಡದ್ದು ಅಲ್ಲಿಯೇ. ಮರಳಿನ ಚೀಲದ ಫಲಿತಾಂಶ ನೋಡಿ ರೈಫಲ್ ಕೊಂಡವನಿಗೆ ಇದು ಸ್ಪರ್ಧೆಯ ದಿನವೇ ತಿಳಿಯುತ್ತಿತ್ತು. ಕಾಕಾ ಒಪ್ಪಿಗೆಯಿಂದ ಬಡಗಿಯೊಬ್ಬರು ಸ್ಟಾಕಿನಲ್ಲಿ ನಳಿಗೆ ಕೂರುವ ಒಳಗಾಲುವೆಯನ್ನು ಹೆರೆದು ತೇವ ಹೀರದಂತೆ ವಾರ್ನಿಷ್ ಕೊಟ್ಟರು. ಮತ್ತೆ ಹೊಡೆದಾಗ ಚೀಲದ ಮೇಲೂ ಸ್ಲಿಂಗಿನಲ್ಲೂ ನಡುಬಿಂದು ಬಹುತೇಕ ಒಂದೇ ಕಡೆ ನಿಂತಿತು.

ಟ್ರಿಗರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಹಂತ ಎಲ್ಲಿ ಮುಗಿಯುತ್ತದೆ ಎಂಬುದು ಬೆರಳಿಗೆ ಸ್ಪಷ್ಟವಾಗಿತ್ತು, ಎರಡನೆಯದರಲ್ಲಿ ಟ್ರಿಗರ್ ಜಗ್ಗದೆ ಒಮ್ಮೆಗೇ ಸೂಜಿಯನ್ನು ಬಿಡುತ್ತಿತ್ತು. ಬೋಲ್ಟನ್ನು ಗಟ್ಟಿಯಾಗಿ ಮುಚ್ಚಿದರೂ, ಖಾಲಿ ರೈಫಲಿನ ಹಿಂಭಾಗವನ್ನು ಅಂಗೈಯಿಂದ ತಟ್ಟಿದರೂ ಸೂಜಿ ತಾನಾಗಿ ಬಿಡಲಿಲ್ಲ. ಅದು ತಾನಾಗಿ ಬಿಟ್ಟರೆ ಉಳಿದ ಯಾವ ಗುಣವೂ ಬೇಡ, ಅಲ್ಲಿಗೇ ನಿಲ್ಲಿಸಬೇಕು.

ಬೆಲೆಯ ಮಾತು ಎರಡು ಕಪ್ ಚಹಾದೊಳಗೆ ಮುಗಿಯಿತು. ಸ್ಟಾಕ್ ಕೆಲಸದ ಖರ್ಚನ್ನು ಕಾಕಾ ತಾವೇ ಕಳೆದರು. ಕಾಗದಪತ್ರಕ್ಕೆ ಮಾತ್ರ ತಾಳ್ಮೆ ಬೇಕು. ಪರವಾನಗಿ ಇರುವವರು ಸ್ವಂತ ಬಳಕೆಯ ಬಂದೂಕನ್ನು ಇನ್ನೊಬ್ಬರಿಗೆ ಮಾರುವ ಮೊದಲು, 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ, ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ 45 ದಿನ ಮುಂಚಿತವಾಗಿ ಲಿಖಿತ ಸೂಚನೆ ಕೊಡಬೇಕು. ಕೊಳ್ಳುವವರ ಪರವಾನಗಿಯೂ ಸಿದ್ಧವಿರಬೇಕು. ಆ ಅವಧಿಯಲ್ಲಿ ನಾನು ಮಾಡಿದ ಮುಖ್ಯ ಕೆಲಸವೆಂದರೆ ಹೊಂದಿಕೆಯಾದ ಆ ಲಾಟಿನ ತೋಟಾ ಬೇರೆಯವರ ಪಾಲಾಗುವ ಮೊದಲು ನನ್ನ ಹೆಸರಿನಲ್ಲಿ ಕಾದಿರಿಸಿದ್ದು. ರೈಫಲ್ ನನ್ನ ಪರವಾನಗಿ ಪುಸ್ತಕಕ್ಕೆ ಏರಿದ ಮೇಲೆ ಕೆನ್ನೆಪಟ್ಟಿಯನ್ನು ನನ್ನ ಮುಖಕ್ಕೆ ತಕ್ಕಂತೆ ಎತ್ತರಿಸಿದೆ. ಕಾಕಾ ಈಗಲೂ ಭಾನುವಾರ ಬೆಳಿಗ್ಗೆ ಬರುತ್ತಾರೆ, ದುರ್ಬೀನಿನ ಮುಂದೆ ಕೂರುತ್ತಾರೆ, ಹಾಳೆ ನೋಡುವ ಮೊದಲೇ ತೀರ್ಪು ಹೇಳುತ್ತಾರೆ.