ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಒಂದು ಥರ್ಮಾಮೀಟರ್

ಬೆಟ್ಟ ಹತ್ತಿದರೆ ಮೈಯ ಬಿಸಿ ಎಷ್ಟು ಏರುತ್ತದೆ ಅಂತ ಮಕ್ಕಳ ಜೊತೆ ಅಳೆಯುವ ಪ್ರಯೋಗ ಮೊದಲ ಸಲ ಮಾಡಿದಾಗ ಪೂರಾ ಕೆಟ್ಟಿತ್ತು. ನಂದಿ ಹತ್ತಿರ ಮಕ್ಕಳೆಲ್ಲ ಬೆವರಿ ತೊಪ್ಪೆಯಾಗಿ ಕೂತಿದ್ದರು. ಒಬ್ಬ ಹುಡುಗನ ಬಾಯಿಗೆ ಡಿಜಿಟಲ್ ಥರ್ಮಾಮೀಟರ್ ಇಟ್ಟೆ. 35.2 ಡಿಗ್ರಿ ಬಂತು. ಕೆಳಗೆ ಪಾದದ ಹತ್ತಿರ ಅವನದೇ 36.8 ಇತ್ತು. ಅಷ್ಟು ಮೆಟ್ಟಿಲು ಹತ್ತಿದ ಮೇಲೆ ಮೈ ತಣ್ಣಗಾಗುತ್ತಾ? “ಮೀಟ್ರು ಕೆಟ್ಟೋಗದೆ ಮಿಸ್” ಅಂದ. ಮೀಟರ್ ಸರಿಯಾಗೇ ಇತ್ತು. ಎರಡು ನಿಮಿಷದ ಹಿಂದೆ ಅವನು ತಣ್ಣನೆ ಮಜ್ಜಿಗೆ ಕುಡಿದಿದ್ದ. ನಾನು ಮಜ್ಜಿಗೆಯ ಬಿಸಿ ಅಳೆದಿದ್ದೆ.

ಮಂಡ್ಯ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಮೈಯೊಳಗಿನ ಸಮಸ್ಥಿತಿ, ಅಂದರೆ ಹೊರಗೆ ಏನೇ ಆದರೂ ಒಳಗಿನದನ್ನು ಹೆಚ್ಚುಕಡಿಮೆ ಒಂದೇ ಥರ ಇಟ್ಟುಕೊಳ್ಳುವುದು, ಅಂತ ಬೋರ್ಡಿನ ಮೇಲೆ ಬರೆದರೆ ಮಕ್ಕಳು “ದೇಹದ ಉಷ್ಣತೆ 37 ಡಿಗ್ರಿ” ಅಂತ ಬಾಯಿಪಾಠ ಮಾಡಿ ಮುಗಿಸುತ್ತಾರೆ. ಅದು ಹಾಗೇ ಇರಬೇಕಾದರೆ ಒಳಗೆ ಎಷ್ಟು ಓಡಾಟ ನಡೆಯಬೇಕು ಅನ್ನೋದು ತಲೆಗೆ ಹೋಗುವುದಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ, ಜನವರಿಯಲ್ಲಿ, ಮೈಸೂರಿನ ಬಸ್ಸು ಹತ್ತುತ್ತೇವೆ.

ಎರಡನೇ ವರ್ಷ ಕಟ್ಟುನಿಟ್ಟು ಮಾಡಿದೆ. ಅಳೆಯುವ ಮುಂಚೆ ಕಾಲು ಗಂಟೆ ಯಾರೂ ಏನೂ ಕುಡಿಯುವಂತಿಲ್ಲ. ನಿಂತ ತಕ್ಷಣ ನಾಡಿ ಎಣಿಸಬೇಕು, ಯಾಕೆಂದರೆ ಅದು ಬೇಗ ಇಳಿದುಬಿಡುತ್ತದೆ. ಏದುಸಿರು ನಿಂತ ಮೇಲೆ ಥರ್ಮಾಮೀಟರ್ ನಾಲಿಗೆಯ ಕೆಳಗೆ, ಬಾಯಿ ಮುಚ್ಚಿ. ಒಬ್ಬರಿಂದ ಒಬ್ಬರಿಗೆ ಕೊಡುವಾಗ ಸ್ಪಿರಿಟ್ ಹತ್ತಿಯಿಂದ ಒರೆಸುವ ಕೆಲಸ ನನ್ನದು.

ಒಬ್ಬಳ ಲೆಕ್ಕ ಇನ್ನೂ ನನ್ನ ಪುಸ್ತಕದಲ್ಲಿದೆ. ಪಾದದಲ್ಲಿ ನಾಡಿ ನಿಮಿಷಕ್ಕೆ 82, ನಂದಿ ಹತ್ತಿರ 148. ಬಿಸಿ 36.8 ಇದ್ದದ್ದು 37.3. ಎದೆ ಬಡಿತ ಹತ್ತಿರ ಹತ್ತಿರ ಎರಡರಷ್ಟು, ಬಿಸಿ ಏರಿದ್ದು ಬರೀ ಅರ್ಧ ಡಿಗ್ರಿ. ಸಮಸ್ಥಿತಿಗೆ ಇಂಗ್ಲಿಷಿನಲ್ಲಿ ಹೋಮಿಯೋಸ್ಟಾಸಿಸ್ ಅನ್ನೋ ಹೆಸರನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1926ರಲ್ಲಿ ಇಟ್ಟಾಗ ‘ಹೋಮೋ’ ಅನ್ನದೆ ‘ಹೋಮಿಯೋ’ ಅಂದರು. ಒಂದೇ ಅಂತಲ್ಲ, ಹೆಚ್ಚುಕಡಿಮೆ ಒಂದೇ ಥರ ಅಂತ. ಆ ಅರ್ಧ ಡಿಗ್ರಿ ನೋಡಿದ ಮೇಲೆ ಈ ವ್ಯತ್ಯಾಸ ಹೇಳುವುದು ಸುಲಭವಾಯಿತು.

ಕಾಲಿನ ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬಿಸಿಯಾಗಿಯೇ ಹೋಗುತ್ತದೆ. ರಕ್ತ ಆ ಬಿಸಿಯನ್ನು ಹೊತ್ತು ಚರ್ಮಕ್ಕೆ ತರುತ್ತದೆ, ಮುಖ ಕೆಂಪಾಗುತ್ತದೆ. ಮೆದುಳಿನಲ್ಲಿ ಮೈಯ ಬಿಸಿ ನೋಡಿಕೊಳ್ಳುವ ಭಾಗ, ಹೈಪೋಥಲಾಮಸ್, ಬೆವರಿಗೆ ಅಪ್ಪಣೆ ಕೊಡುತ್ತದೆ. ಆದರೆ ಬೆವರು ಬಂದರೆ ಸಾಲದು, ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಬಿಸಿ ಮೈಯಿಂದ ಹೋಗುತ್ತದೆ. ಸುಮ್ನೆ ಹನಿಹನಿಯಾಗಿ ಸುರಿದರೆ ಅಷ್ಟು ಲಾಭ ಇಲ್ಲ.

ಇದನ್ನು ತೋರಿಸಲು ತರಕಾರಿ ತರುವ ಪ್ಲಾಸ್ಟಿಕ್ ಕವರ್ ಸಾಕು. ಒಂದು ಕೈಗೆ ಕವರ್ ಹಾಕಿ, ಮಣಿಕಟ್ಟಿನ ಹತ್ತಿರ ಸಡಿಲವಾಗಿ ರಬ್ಬರ್ ಬ್ಯಾಂಡ್. ಇನ್ನೊಂದು ಕೈ ಗಾಳಿಗೆ. ಹತ್ತು ನಿಮಿಷದಲ್ಲಿ ಕವರ್ ಒಳಗೆಲ್ಲ ಮಂಜು ಕಟ್ಟಿತು. “ಈ ಕೈ ಬೇಯ್ತಾ ಅದೆ ಮಿಸ್!” ಮಂಗಳೂರಿಗೆ ಹೋದಾಗ ಎಷ್ಟು ಬೆವರಿದರೂ ತಂಪಾಗೋದಿಲ್ಲವಲ್ಲ, ಅಲ್ಲಿ ಗಾಳಿಯಲ್ಲೇ ತೇವ, ಊರೇ ಒಂದು ಕವರ್ ಒಳಗಿದೆ ಅಂದೆ. ನಕ್ಕರು.

ಉಸಿರಿನದು ನನಗೇ ಪಾಠ. ಕೆಳಗೆ ಕೂತು 40 ಸೆಕೆಂಡು ಉಸಿರು ಬಿಗಿಹಿಡಿದವಳು ನಂದಿ ಹತ್ತಿರ 9 ಸೆಕೆಂಡಿಗೇ ಬಿಟ್ಟಳು. ಯಾಕೆ? “ಆಕ್ಸಿಜನ್ ಖಾಲಿ” ಅಂತ ಎಲ್ಲರೂ ಕೂಗಿದರು. ಬಿ.ಎಡ್. ಮುಗಿಸಿ ಬಂದ ಹೊಸದರಲ್ಲಿ ನಾನೂ ಹಾಗೇ ಹೇಳಿಕೊಟ್ಟಿದ್ದೆ. ಅಸಲಿಗೆ ಉಸಿರಾಡು ಅಂತ ಜೋರು ಮಾಡುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್. ಅದು ರಕ್ತದಲ್ಲಿ ಜಾಸ್ತಿಯಾದರೆ ರಕ್ತ ಆಮ್ಲದ ಕಡೆ ವಾಲುತ್ತದೆ. ರಕ್ತದ ಪಿಎಚ್ (ಆಮ್ಲದ ಅಳತೆ, ಆಮ್ಲ ಜಾಸ್ತಿಯಾದಷ್ಟೂ ಇಳಿಯುತ್ತದೆ) 7.35ರಿಂದ 7.45ರ ಒಳಗೇ ಇರಬೇಕು. ಮೆದುಳಿನ ಕಾಂಡ ಆ ವಾಲುವುದನ್ನು ಗುರುತಿಸಿ ಉಸಿರಾಟ ಜೋರು ಮಾಡಿಸುತ್ತದೆ.

ರಕ್ತದ ಸಕ್ಕರೆಯನ್ನೂ ಮೈ ಹೀಗೇ ಹಿಡಿತದಲ್ಲಿಡುತ್ತದೆ, ಆದರೆ ಅದನ್ನು ಬೆಟ್ಟದಲ್ಲಿ ಅಳೆಯಲು ಹೋಗಲಿಲ್ಲ. ಬೆರಳು ಚುಚ್ಚುವುದಕ್ಕೆ ಅಪ್ಪ ಅಮ್ಮಂದಿರ ಒಪ್ಪಿಗೆ ಬೇಕು, ಆ ರಗಳೆ ಬೇಡ ಅನಿಸಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಣ್ಣಿಗೆ ಬಿದ್ದದ್ದು ಹುಡುಗಿಯರ ನೀರಿನ ಬಾಟಲಿ. ಮುಕ್ಕಾಲು ಜನರದ್ದು ಬೆಳಿಗ್ಗೆ ತುಂಬಿಸಿದ ಹಾಗೇ ಇತ್ತು. ಕೇಳಿದರೆ ಒಬ್ಬಳು ಕಿವಿ ಹತ್ತಿರ ಬಂದು ಹೇಳಿದಳು: “ಕುಡುದ್ರೆ ಎಲ್ಲಿಗ್ ಹೋಗದು ಮಿಸ್?” ನೀರು ಕಡಿಮೆಯಾದರೆ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ, ಮೂತ್ರ ಕಡಿಮೆ ಮಾಡಿಸುವ ಎಡಿಎಚ್ ಹಾರ್ಮೋನು ಹೆಚ್ಚು ಬರುತ್ತದೆ, ಕಿಡ್ನಿ ನೀರನ್ನು ವಾಪಸ್ ಎಳೆದುಕೊಳ್ಳುತ್ತದೆ, ಮೂತ್ರ ಗಾಢ ಹಳದಿಯಾಗುತ್ತದೆ. ಪಾಠದಲ್ಲಿ ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ. ಈ ಮಕ್ಕಳ ಕಿಡ್ನಿ ದಿನಾ ಸ್ಕೂಲಿನಲ್ಲೂ ಇದೇ ಕೆಲಸ ಮಾಡುತ್ತಿದೆ ಅಂತ ನನಗೆ ಹೊಳೆದೇ ಇರಲಿಲ್ಲ.

ಈ ಸಲ ಹೊರಡುವ ಹಿಂದಿನ ವಾರ ನಾನೊಬ್ಬಳೇ ಹೋಗಿ ಶೌಚಾಲಯ ಎಲ್ಲೆಲ್ಲಿದೆ, ಬಾಗಿಲಿಗೆ ಚಿಲಕ ಇದೆಯಾ ಅಂತ ನೋಡಿಕೊಂಡು ಬಂದೆ. ಬಾಟಲಿ ಖಾಲಿ ಮಾಡಿದವರ ಕೈಗೇ ಥರ್ಮಾಮೀಟರ್ ಅಂತ ಹೇಳಿದ್ದೇನೆ. ಮಜ್ಜಿಗೆ ಮಾತ್ರ ಅಳೆದಾದ ಮೇಲೆ.